ಒಂದನ್ನು ಒತ್ತಿದವರು

ಇಲ್ಲದ ರೋಗಿಗಳನ್ನು ಹುಟ್ಟಿಸುವುದು ನನ್ನ ಕೆಲಸ. ಮಾದಾಪುರದ ಗಾಜಿನ ಕಟ್ಟಡವೊಂದರ ಆರನೇ ಮಹಡಿಯಲ್ಲಿ ಕೂತು ಅವರಿಗೆ ಹೆಸರಿಡುತ್ತೇನೆ, ವಯಸ್ಸು ಕೊಡುತ್ತೇನೆ, ಒಬ್ಬರಿಗೆ ಬಿ.ಪಿ., ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ ಹಂಚುತ್ತೇನೆ. ನಮ್ಮ ಕಂಪನಿಯ ಆ್ಯಪ್ ವಯಸ್ಸಾದವರಿಗೆ ಹೊತ್ತಿಗೆ ಸರಿಯಾಗಿ ಫೋನ್ ಮಾಡಿ ಮಾತ್ರೆ ನೆನಪಿಸುತ್ತದೆ. ಮಾತ್ರೆ ತೆಗೆದುಕೊಂಡವರು ಫೋನಿನಲ್ಲಿ ಒಂದನ್ನು ಒತ್ತಬೇಕು. ಒತ್ತದಿದ್ದರೆ ಅವರ ಮಕ್ಕಳ ಮೊಬೈಲಿಗೆ ಸಂದೇಶ ಹೋಗುತ್ತದೆ. ಇದೆಲ್ಲ ಸರಿಯಾಗಿ ನಡೆಯುತ್ತದೆಯೇ ಎಂದು ಜನರ ಕೈಗೆ ಹೋಗುವ ಮುಂಚೆ ಪರೀಕ್ಷೆ ಮಾಡಿ ನೋಡುವವಳು ನಾನು.

ನಿಜವಾದ ರೋಗಿಗಳ ವಿವರವನ್ನು ನಾವು ಮುಟ್ಟುವಂತಿಲ್ಲ. ಬಾಯಿಗೆ ಬಂದ ಹೆಸರು ಕೊಟ್ಟರೆ ನಾಳೆ ನಮಗೇ ನೆನಪಿರುವುದಿಲ್ಲ. ಹಾಗಾಗಿ ತಂಡದಲ್ಲಿ ಒಂದು ರೂಢಿ ಬೆಳೆದಿತ್ತು: ಎಲ್ಲರೂ ನಮ್ಮ ನಮ್ಮ ಮನೆಯವರನ್ನೇ ರೋಗಿಗಳಾಗಿ ಬರೆದುಕೊಳ್ಳುತ್ತಿದ್ದೆವು. ಪಕ್ಕದ ಮೇಜಿನವಳು ತನ್ನ ಅತ್ತೆಗೆ ಕೊಡದ ಕಾಯಿಲೆ ಉಳಿದಿರಲಿಲ್ಲ. ಹಬ್ಬಕ್ಕೆ ಗಂಡನ ಮನೆಗೆ ಹೋಗಿ ಬಂದಾಗಲೆಲ್ಲ ಅತ್ತೆಗೆ ಹೊಸದೊಂದು ರೋಗ ಅಂಟಿಕೊಳ್ಳುತ್ತಿತ್ತು. ಕರೆಗಳು ನಿಜವಾಗಿ ಎಲ್ಲಿಗೂ ಹೋಗುವುದಿಲ್ಲ ಎಂಬ ಧೈರ್ಯ ನಮಗೆ. ಪರೀಕ್ಷೆಗೆಂದೇ ಒಂದು ನಕಲಿ ಫೋನ್ ಇತ್ತು. ಅದೂ ಒಂದು ಪುಟ್ಟ ಪ್ರೋಗ್ರಾಮೇ. ಎಲ್ಲ ಕರೆಗಳನ್ನೂ ಅದೇ ಎತ್ತಿ, ಅದೇ ಒಂದನ್ನು ಒತ್ತಿ, ಕೆಲಸ ಆಯಿತು ಎಂದು ಹೇಳಿಬಿಡುತ್ತಿತ್ತು.

ನಾನು ಅಪ್ಪನನ್ನು ಹಾಕಿದ್ದೆ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ತೀರಿಹೋದವರಿಗೆ ಬಿ.ಪಿ. ಕೊಟ್ಟರೆ ಯಾರಿಗೇನು ತೊಂದರೆ ಎಂಬುದು ನನ್ನ ಜಾಣತನ. ಅವನ ನಂಬರ್ ನನಗೆ ಬಾಯಿಪಾಠ, ಮತ್ತು ಆ ನಂಬರ್ ಬಂದ್ ಆಗಿತ್ತು. ಕಾರ್ಯ ಮುಗಿದ ವಾರವೇ, ಇಲ್ಲದವರ ಫೋನ್ ಇಟ್ಟುಕೊಂಡು ಪೂಜೆ ಮಾಡುವುದೇನಿದೆ, ಬಂದ್ ಮಾಡಿಸು ಎಂದು ಅವ್ವನ ಮೇಲೆ ರೇಗಿದ್ದೆ. ನನ್ನ ದುಃಖ ಹೊರಗೆ ಬರುವುದೇ ಸಿಡುಕಾಗಿ. ಎರಡು ದಿನ ಬಿಟ್ಟು ಕೇಳಿದಾಗ ಅವ್ವ ಆತು ಎಂದಳು. ಅಲ್ಲಿಂದ ಮುಂದೆ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಅಪ್ಪನ ಮಾತು ಬರುವುದೇ ನಿಂತಿತು. ಇಬ್ಬರೇ ಇರುವ ಮನೆ. ಒಬ್ಬಳು ಎತ್ತದಿದ್ದರೆ ಇನ್ನೊಬ್ಬಳೂ ಎತ್ತುವುದಿಲ್ಲ.

ಆ ಬೇಸಿಗೆಯಲ್ಲಿ ನನಗೆ ಒಪ್ಪಿಸಿದ್ದು ಜಾಡು ಓದುವ ಪರೀಕ್ಷೆಯನ್ನು ಕಟ್ಟುವ ಕೆಲಸ. ನಮ್ಮ ಆ್ಯಪ್ ಒಂದೇ ದೊಡ್ಡ ಪ್ರೋಗ್ರಾಮ್ ಅಲ್ಲ, ಹದಿನಾರು ಚಿಕ್ಕ ಚಿಕ್ಕ ಸರ್ವಿಸ್‌ಗಳು. ಒಂದು ರೋಗಿಯ ವಿವರ ಇಟ್ಟುಕೊಂಡಿರುತ್ತದೆ, ಒಂದು ಗಡಿಯಾರ ನೋಡುತ್ತದೆ, ಒಂದು ಭಾಷೆ ಆರಿಸುತ್ತದೆ, ಇನ್ನೊಂದು ಕರೆ ಮಾಡುತ್ತದೆ. ಒಂದರೊಳಗೆ ನಡೆದದ್ದು ಇನ್ನೊಂದಕ್ಕೆ ತಿಳಿಯದು. ಹಳೆಯ ಪರೀಕ್ಷೆ ಕೊನೆಯ ಉತ್ತರವನ್ನು ಮಾತ್ರ ನೋಡುತ್ತಿತ್ತು. ಆಯಿತು ಎಂಬ ಉತ್ತರ ಬಂದರೆ ಪರದೆಯ ಮೇಲೆ ಹಸಿರು. ಹೊಸ ಪರೀಕ್ಷೆ ಹಾಗಲ್ಲ. ಹೊರಟ ಪ್ರತಿಯೊಂದು ಕರೆಗೂ ಒಂದು ಸಂಖ್ಯೆ ಕಟ್ಟಬೇಕು. ಅದು ಹೊಕ್ಕ ಪ್ರತಿ ಸರ್ವಿಸ್ಸೂ ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ ಒಂದೊಂದು ಸಾಲಾಗಿ ಬರೆದಿಡಬೇಕು. ಪರೀಕ್ಷೆ ಆ ಸಾಲುಗಳನ್ನು ಓದಿ, ಹೋಗಬೇಕಾದ ದಾರಿಯಲ್ಲೇ ಹೋಗಿದೆಯೇ ಎಂದು ನೋಡಬೇಕು.

ಅಪ್ಪ ಇದ್ದಿದ್ದರೆ ಕೂಡಲೇ ಅರ್ಥ ಮಾಡಿಕೊಳ್ಳುತ್ತಿದ್ದ. ಬೀದರ್ ಕಡೆಯಿಂದ ಬಂದು ಇಲ್ಲಿನ ಸರ್ಕಾರಿ ಕಚೇರಿಯಲ್ಲಿ ನೌಕರಿ ಪೂರ್ತಿ ಫೈಲುಗಳ ರಿಜಿಸ್ಟರ್ ಬರೆದವನು ಅವನು. ಯಾವ ಫೈಲು ಯಾವ ಮೇಜಿಗೆ ಯಾವಾಗ ಬಂತು, ಯಾರು ಸಹಿ ಮಾಡಿ ಪಡೆದರು, ಎಷ್ಟು ದಿನ ಅಲ್ಲೇ ಕೊಳೆಯಿತು, ಎಲ್ಲ ಅದರಲ್ಲಿ. ಫೈಲು ಪಾಸಾಯಿತು ಎಂದು ಯಾರಾದರೂ ಬಂದು ಹೇಳಿದರೆ ಅವನು ನಂಬುತ್ತಿರಲಿಲ್ಲ. ಯಾರ ಕೈಯಿಂದ ಹೋಯಿತು ಎಂದು ಕನ್ನಡಕ ಹಾಕಿಕೊಂಡು ನೋಡುತ್ತಿದ್ದ.

ಅದೇ ಸುಮಾರಿಗೆ ಕನ್ನಡದ ಕರೆಯನ್ನೂ ಸೇರಿಸಿದ್ದರು. ಮೊದಲು ಹಾಕಿದ ಯಂತ್ರದ ದನಿ ದಯವಿಟ್ಟು ತಮ್ಮ ಔಷಧವನ್ನು ಸೇವಿಸತಕ್ಕದ್ದು ಎನ್ನುತ್ತಿತ್ತು. ಕಲಬುರಗಿ, ರಾಯಚೂರು ಕಡೆಯ ಮುದುಕರು ಇದನ್ನು ಕೇಳಿದರೆ ಕೋರ್ಟಿನ ಸಮನ್ಸ್ ಬಂತೆಂದು ಫೋನ್ ಇಟ್ಟುಬಿಡುತ್ತಾರೆ ಎಂದೆ. ತಂಡದಲ್ಲಿ ಕನ್ನಡದವಳು ನಾನೊಬ್ಬಳೇ. ಹಾಗಾದರೆ ನೀನೇ ಹೇಳು ಎಂದರು. ಪುಟ್ಟ ಮೀಟಿಂಗ್ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಮ್ಮ ಮನೆಯ ಮಾತಿನಲ್ಲೇ ರೆಕಾರ್ಡ್ ಮಾಡಿದೆ: "ಗುಳಿಗಿ ತೊಗೊಳ್ಳೂ ಹೊತ್ತಾತ್ರಿ. ತೊಗೊಂಡ ಮ್ಯಾಲೆ ಒಂದು ಒತ್ತರಿ." ಫೋನಿನಲ್ಲಿ ಅದು ಹೇಗೆ ಕೇಳಿಸುತ್ತದೆ ಎಂದು ನೋಡುವ ಚಪಲ ನನಗೆ. ಒಂದು ದಿನದ ಮಟ್ಟಿಗೆ ಕನ್ನಡದ ದಾರಿಯನ್ನು ನಿಜವಾದ ಟೆಲಿಫೋನ್ ಲೈನಿಗೆ ಜೋಡಿಸಿಕೊಡಿ ಎಂದು ನಾನೇ ಕೇಳಿಕೊಂಡೆ. ಜೋಡಿಸಿದರು. ನನ್ನ ಮೊಬೈಲಿಗೆ ಕರೆ ತರಿಸಿ ಕೇಳಿ ಖುಷಿಪಟ್ಟೆ. ಅದು ಮುಗಿದ ಮೇಲೆ ಬೇರೆ ಕೆಲಸಕ್ಕೆ ಹೋದೆ.

ಹೊಸ ಪರೀಕ್ಷೆ ದಿನವೂ ಬೆಳಗಿನ ಮೀಟಿಂಗ್ ಮುಗಿದ ಮೇಲೆ ಹನ್ನೊಂದಕ್ಕೆ ತಾನಾಗಿ ಓಡುವಂತೆ ಇಟ್ಟಿದ್ದೆ. ಮೊದಲ ವಾರ ಜಾಡು ಅರ್ಧಕ್ಕೇ ನಿಲ್ಲುತ್ತಿತ್ತು, ಏಕೆಂದರೆ ಕರೆ ಮಾಡುವ ಸರ್ವಿಸ್ ಇನ್ನೂ ಬರೆಯಲು ಕಲಿತಿರಲಿಲ್ಲ. ಅದಕ್ಕೂ ನಾಲ್ಕು ಸಾಲು ಕೋಡ್ ಸೇರಿಸಿದೆ. ಮರುದಿನ ಅಪ್ಪನ ಹೆಸರಿನ ಜಾಡು ತೆರೆದರೆ ಕೆಳಗೆ ಹೊಸ ಸಾಲೊಂದು ಬಂದಿತ್ತು. ಕರೆ ಎತ್ತಲಾಯಿತು. ಒಂದನ್ನು ಒತ್ತಲಾಯಿತು. ನಡುವೆ ನಲವತ್ತನಾಲ್ಕು ಸೆಕೆಂಡ್.

ನಕಲಿ ಫೋನ್ ಎತ್ತಿದೆ ಎಂದುಕೊಂಡು ಮುಚ್ಚಿದೆ. ಆದರೆ ಮರುದಿನ ಐವತ್ತೊಂದು ಸೆಕೆಂಡ್. ಅದರ ಮರುದಿನ ಮೂವತ್ತೆಂಟು. ಪಕ್ಕದವಳ ಅತ್ತೆಯ ಜಾಡು ನೋಡಿದರೆ ಅಲ್ಲಿ ಎತ್ತಿದ್ದೂ ಒತ್ತಿದ್ದೂ ಒಂದೇ ಕ್ಷಣದಲ್ಲಿ. ಎಲ್ಲರ ಮನೆಯವರೂ ಹಾಗೆಯೇ. ಅಪ್ಪ ಒಬ್ಬನೇ ಹೊತ್ತು ತೆಗೆದುಕೊಳ್ಳುತ್ತಿದ್ದ. ಹೆಚ್ಚುಕಡಿಮೆ ಮುಕ್ಕಾಲು ನಿಮಿಷ. ಆ ಮುಕ್ಕಾಲು ನಿಮಿಷದಲ್ಲಿ ಏನು ಮಾಡಬಹುದು ಎಂದು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಯೋಚಿಸಿದೆ. ಫೋನ್ ಎತ್ತಿ, ಹೇಳಿದ್ದು ಕೇಳಿ, ಅದನ್ನು ಪಕ್ಕಕ್ಕಿಟ್ಟು ಎದ್ದು, ಅಡುಗೆಮನೆಗೆ ಹೋಗಿ, ಮಾತ್ರೆ ಬಿಡಿಸಿಕೊಂಡು, ನೀರು ಕುಡಿದು, ಮರಳಿ ಬಂದು ಒಂದನ್ನು ಒತ್ತಬಹುದು. ಸರಿಯಾಗಿ ಅಷ್ಟೇ ಹೊತ್ತು. ಹಾಡಹಗಲಿನಲ್ಲಿ, ನೂರು ಜನ ತಟ್ಟೆ ಹಿಡಿದು ನಿಂತಿದ್ದ ಜಾಗದಲ್ಲಿ, ಹೆದರಿ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ನಮ್ಮ ತಂಡದ ಮುಖ್ಯಸ್ಥರು ವರಂಗಲ್ ಕಡೆಯ ಹಿರಿಯರು, ಯಾವುದಕ್ಕೂ ಗಾಬರಿಯಾಗುವವರಲ್ಲ. ನಕಲಿ ಫೋನ್ ಮನುಷ್ಯರಂತೆ ತಡಮಾಡಲಿ ಎಂದು ಯಾರೋ ಬರೆದಿರಬೇಕಮ್ಮಾ, ಬಿಡು ಎಂದು ತೆಲುಗಿನಲ್ಲಿ ಸಮಾಧಾನ ಹೇಳಿದರು. ಅತ್ತೆಗೆ ಇಲ್ಲದ ತಡ ಅಪ್ಪನಿಗೇಕೆ ಎಂದು ಕೇಳಬೇಕಿತ್ತು. ಆ್ಯಪ್‌ನ ಹೊಸ ಆವೃತ್ತಿಯ ಬಿಡುಗಡೆಯ ದಿನ ಹತ್ತಿರವಿತ್ತು, ಕೇಳಲಿಲ್ಲ.

ಆದರೆ ಅದು ತಲೆಯಿಂದ ಹೋಗಲೂ ಇಲ್ಲ. ದಿನ ಹನ್ನೊಂದಾದರೆ ಕೈ ತಾನಾಗಿ ಆ ಪರದೆಯನ್ನು ತೆರೆಯುತ್ತಿತ್ತು. ಬಿಡುಗಡೆಯ ಅವಸರಕ್ಕೆ ಭಾನುವಾರವೂ ಆಫೀಸಿಗೆ ಹೋಗುತ್ತಿದ್ದೆ, ಒಂದು ದಿನವೂ ತಪ್ಪಲಿಲ್ಲ. ಬರಬರುತ್ತ ನಡುವಿನ ಹೊತ್ತು ಬೆಳೆಯತೊಡಗಿತು. ಒಂದು ನಿಮಿಷ ಐದು ಸೆಕೆಂಡ್, ಒಂದು ನಿಮಿಷ ಇಪ್ಪತ್ತು. ಅಲ್ಲಿರುವವರು ಯಾರೇ ಆಗಲಿ, ಅವರ ನಡಿಗೆ ನಿಧಾನವಾಗುತ್ತಿತ್ತು.

ಮನೆಯಲ್ಲಿ ಆ ದಿನಗಳಲ್ಲಿ ಅವ್ವನಿಗೆ ತಲೆ ತಿರುಗುತ್ತಿತ್ತು. ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ಬಿಸಿಲಿನ ಝಳಕ್ಕೆ ಹಾಗಾಗುತ್ತಿದೆ ಎಂದು ಮಜ್ಜಿಗೆ ಕುಡಿಸಿದೆ. ತಿಂಗಳ ಹಿಂದಷ್ಟೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವರು ನನ್ನೊಡನೆ ಇಂಗ್ಲಿಷು ತೆಲುಗು ಬೆರೆಸಿ ಮಾತಾಡಿದರು, ಅವ್ವ ಪಕ್ಕದಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ಕೂತಿದ್ದಳು. ಬಿ.ಪಿ. ಮಾತ್ರೆ ಮೊದಲಿನಂತೆ ಬೆಳಿಗ್ಗೆ ಒಂದೇ ಸಾಕು ಎಂದಿದ್ದರು. ಆದರೂ ತಂದಿಟ್ಟ ಮಾತ್ರೆ ತಿಂಗಳಿಗೆ ಮುಂಚೆಯೇ ಮುಗಿದಿತ್ತು. ಎಲ್ಲಿ ಬೀಳಿಸಿಕೊಂಡೆ ಎಂದು ಬೈದೆ. ಎಲ್ಲೋ ಬಿದ್ದಿರಬೇಕು ಎಂದು ಅವ್ವ ನೆಲ ನೋಡಿದಳು. ಆಫೀಸಿನಲ್ಲಿ ಸೆಕೆಂಡುಗಳ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳುವ ನಾನು ಮನೆಯಲ್ಲಿ ಇದಿಷ್ಟನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಬಿಡುಗಡೆಗೆ ನಾಲ್ಕು ದಿನ ಇರುವಾಗ ಹಟಕ್ಕೆ ಬಿದ್ದು ಪರೀಕ್ಷೆಗೆ ಒಂದು ನಿಯಮ ಬರೆದೆ: ಪ್ರತಿ ಕರೆಯ ಜಾಡಿನಲ್ಲೂ ನಕಲಿ ಫೋನಿನ ಸಾಲು ಇರಲೇಬೇಕು, ಇಲ್ಲದಿದ್ದರೆ ಕೆಂಪು. ಹನ್ನೊಂದಕ್ಕೆ ಓಡಿತು. ಎಲ್ಲರೂ ಹಸಿರು, ಅಪ್ಪ ಕೆಂಪು. ಅವನ ಕರೆ ನಕಲಿ ಫೋನಿನ ಹತ್ತಿರವೂ ಸುಳಿದಿರಲಿಲ್ಲ. ಆದರೂ ಯಾರೋ ಎತ್ತಿದ್ದರು, ಒಂದೂವರೆ ನಿಮಿಷ ಬಿಟ್ಟು ಒಂದನ್ನು ಒತ್ತಿದ್ದರು.

ನಿಯಮ ಬರೆಯುವುದರಲ್ಲೇ ತಪ್ಪಾಗಿರಬೇಕು ಎಂದು ತಿದ್ದಿ ಇನ್ನೊಮ್ಮೆ ಓಡಿಸಿದೆ. ಮತ್ತೆ ಕೆಂಪು. ಎತ್ತಿದರು, ಎರಡು ನಿಮಿಷವಾಯಿತು, ಒತ್ತಿದರು.

ಆಗ ಕನ್ನಡದ ದಾರಿ ನೆನಪಾಯಿತು. ನಮ್ಮ ಪಟ್ಟಿಯಲ್ಲಿ ಕನ್ನಡದ ರೋಗಿ ಅಪ್ಪನೊಬ್ಬನೇ. ಒಂದು ದಿನಕ್ಕೆಂದು ನಾನು ತೆರೆಸಿದ ದಾರಿಯನ್ನು ಮುಚ್ಚಿಸಬೇಕಾದವಳೂ ನಾನೇ ಆಗಿದ್ದೆ. ಬಂದ್ ಆದ ನಂಬರುಗಳನ್ನು ಕಂಪನಿಗಳು ಬೇರೆಯವರಿಗೆ ಕೊಡುತ್ತವೆ. ಅಪ್ಪನ ನಂಬರ್ ಯಾರೋ ಅಪರಿಚಿತರಿಗೆ ಹೋಗಿದೆ, ಅವರು ಇಷ್ಟು ದಿನ ನನ್ನ ಮಾತು ನಂಬಿ ದಿನವೂ ಯಾವುದೋ ಮಾತ್ರೆ ನುಂಗುತ್ತಿದ್ದಾರೆ. ಪಕ್ಕದವಳನ್ನು ಕರೆದೆ. ಅವಳಿಗೆ ನಂಬಿಕೆ ಬರಲಿಲ್ಲ. ಅವಳಿಗೆ ತೋರಿಸಲೆಂದು ಮೂರನೇ ಸಲ ಓಡಿಸಿದೆ. ಬೇಡವಾಗಿತ್ತು. ಗೊತ್ತಾದ ಮೇಲೂ ಓಡಿಸಿದೆ, ಅದೇ ನನ್ನನ್ನು ಇವತ್ತಿಗೂ ಕಾಡುವುದು.

ಕರೆ ಎತ್ತಿದರು. ನಾವಿಬ್ಬರೂ ಪರದೆಯನ್ನೇ ನೋಡುತ್ತ ಕೂತೆವು. ಕರೆ ನಡೆಯುತ್ತಿದೆ ಎಂದು ತೋರಿಸುತ್ತಿತ್ತು. ಒಂದು ನಿಮಿಷ. ಎರಡು ನಿಮಿಷ. ಆ ಕಡೆ ಯಾರೋ ಎದ್ದು ಹೋಗಿದ್ದರು, ಇನ್ನೂ ಬಂದಿರಲಿಲ್ಲ. ಮೂರು ನಿಮಿಷ ತುಂಬಲು ಬಂದಾಗ ಒಂದು ಎಂದು ಮೂಡಿತು. ಪಕ್ಕದವಳು ತನ್ನ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು.

ನನ್ನ ಸ್ವಂತ ಮೊಬೈಲಿನಿಂದ ಅಪ್ಪನ ನಂಬರಿಗೆ ಹಚ್ಚಿದೆ. ಎರಡು ವರ್ಷದಲ್ಲಿ ಮೊದಲ ಸಲ. ರಿಂಗಾಯಿತು. ಎತ್ತಿದರು. ಎವರಂಡಿ, ಯಾರು ಎಂದು ತೆಲುಗಿನಲ್ಲಿ ಕೇಳಿದೆ. ಆ ಕಡೆ ಉಸಿರಿನ ಸದ್ದು, ಅದರ ಹಿಂದೆ ಒಂದು ಫ್ಯಾನಿನ ಸದ್ದು. ಪ್ರತಿ ಸುತ್ತಿಗೂ ಕಟ್ ಎಂದು ಸಣ್ಣಗೆ ಬಡಿಯುವ ಫ್ಯಾನು. ಎಲೆಕ್ಟ್ರಿಷಿಯನ್ನನ್ನು ಕರೆಸಬೇಕು ಎಂದು ನಾನೇ ಆರು ತಿಂಗಳಿಂದ ಹೇಳುತ್ತಿದ್ದ, ನಮ್ಮ ಮನೆಯ ಹಾಲಿನ ಫ್ಯಾನು.

ಆಮೇಲೆ ಅವ್ವನ ದನಿ ಬಂತು, ಬಾವಿಯೊಳಗಿಂದ ಬಂದಂತೆ.

"ಮೂರ ತೊಗೊಂಡೀನಿ ಯವ್ವಾ. ಇನ್ನೂ ತೊಗೊಳ್ಳೂದೈತೇನು?"

ಬೆಳಿಗ್ಗೆ ನನ್ನೆದುರೇ ಒಂದು ನುಂಗಿದ್ದಳು. ಅಲ್ಲಿಗೆ ನಾಲ್ಕು. ಇನ್ನು ಬ್ಯಾಡ, ನೆಲದ ಮ್ಯಾಲೆ ಮಲಕೋ, ಏಳಬ್ಯಾಡ ಎಂದು ಕೂಗಿದೆ. ಇಡೀ ಮಹಡಿ ತಿರುಗಿ ನೋಡಿತು. ಪಕ್ಕದವಳ ಮೊಬೈಲಿನಿಂದ ಎದುರು ಮನೆಯ ಆಂಟಿಗೆ ಹೇಳಿದೆ. ಅವರ ಹತ್ತಿರ ನಮ್ಮ ಮನೆಯ ಇನ್ನೊಂದು ಬೀಗದ ಕೈ ಇರುತ್ತದೆ. ಅವರು ಬಾಗಿಲು ತೆಗೆದಾಗ ಅವ್ವ ಅಡುಗೆಮನೆಯ ಹೊಸ್ತಿಲಿಗೆ ತಲೆ ಕೊಟ್ಟು ಮಲಗಿದ್ದಳಂತೆ, ಕೈಯಲ್ಲಿ ಅಪ್ಪನ ಫೋನು. ಆಟೋದಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಒಯ್ದರು. ಪಕ್ಕದವಳು ತನ್ನ ಸ್ಕೂಟಿಯ ಮೇಲೆ ನನ್ನನ್ನು ಕರೆದುಕೊಂಡು ಹೋದಳು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ನಾನು ಜೋರಾಗಿ ಅಳುತ್ತಿದ್ದೆ, ಹೊರಟ ಕೂಡಲೇ ನಿಲ್ಲಿಸುತ್ತಿದ್ದೆ.

ಬಿ.ಪಿ. ಪಾತಾಳಕ್ಕೆ ಇಳಿದಿತ್ತು. ಸಲೈನ್ ಹಚ್ಚಿ ಸಂಜೆಯ ತನಕ ಬಿಟ್ಟು ಬಿಟ್ಟು ನೋಡಿದ ಮೇಲೆ, ಜೀವಕ್ಕೆ ಭಯವಿಲ್ಲ, ಎರಡು ದಿನ ಇರಲಿ ಎಂದರು. ಎಷ್ಟು ಮಾತ್ರೆ ಎಂದು ಕೇಳಿದಾಗ ಹೇಳಿದೆ. ಯಾಕೆ ಎಂದು ಕೇಳಿದಾಗ ಔಷಧಿ ಚೀಟಿ ತೆಗೆದುಕೊಂಡು ಹೊರಗೆ ನಡೆದೆ.

ಮರುದಿನ ಬೆಳಿಗ್ಗೆ ಅವ್ವ ಚಹಾ ಕುಡಿದು ದಿಂಬಿಗೆ ಒರಗಿದ ಮೇಲೆ ನಾನೇ ಕೇಳಿದೆ. ಅವಳು ಫೋನನ್ನು ಬಂದ್ ಮಾಡಿಸಿರಲೇ ಇಲ್ಲ. ಕೆಳಗಿನ ಅಂಗಡಿಯಲ್ಲಿ ರೀಚಾರ್ಜ್ ಮಾಡಿಸಿಕೊಂಡು, ನಾನು ಆಫೀಸಿಗೆ ಹೋದ ಮೇಲೆ ತೆಗೆದು, ಬರುವ ಮುಂಚೆ ಸೀರೆಗಳ ಕೆಳಗೆ ಇಡುತ್ತಿದ್ದಳು. ಯಾರೂ ಅದಕ್ಕೆ ಕರೆ ಮಾಡುತ್ತಿರಲಿಲ್ಲ. ಒಂದು ದಿನ ಹನ್ನೊಂದಕ್ಕೆ ಅದು ಬಾರಿಸಿತು. ಎತ್ತಿದರೆ ಮಗಳ ದನಿ.

"ಡಾಕ್ಟರ್ ನಿನಗ ಏನೋ ಹೇಳ್ಯಾರ, ನನಗ ಹೆದರಿಕಿ ಆಗ್ತೈತಿ ಅಂತ ನೀ ಮುಚ್ಚಿಟ್ಟಿ ಅನಕೊಂಡೆ," ಎಂದಳು. "ಫೋನ್ ಇಟಗೊಂಡೀನಿ ಅಂತ ನಿನಗ ಗೊತ್ತಾಗೇತಿ, ಆದ್ರೂ ಬೈಲಿಲ್ಲ. ಮತ್ತ ನಾ ಯಾಕ ಬಾಯಿ ಬಿಡ್ಲಿ?"

ಮಾತ್ರೆ ನುಂಗದೆ ಸುಮ್ಮನೆ ಒಂದನ್ನು ಒತ್ತಬಹುದಿತ್ತಲ್ಲ ಎಂದೆ. ಇಂಥ ಮೂರ್ಖ ಪ್ರಶ್ನೆ ಕೇಳುವ ಮಗಳನ್ನು ನೋಡುವ ರೀತಿಯಲ್ಲೇ ನೋಡಿದಳು.

"ತೊಗೊಳ್ಳಾರದ ಹ್ಯಾಂಗ ಒತ್ತಲಿ? ನೀ ಅಲ್ಲಿ ಕುಂತು ನೋಡಾಕತ್ತಿರ್ತಿ."

ನೋಡುತ್ತಿದ್ದೆ, ನಿಜ. ದಿನವೂ ಅವಳನ್ನೇ ನೋಡುತ್ತಿದ್ದೆ. ಅವಳು ಗೋಡೆ ಹಿಡಿದು ನಡೆದದ್ದನ್ನು ಸೆಕೆಂಡುಗಳಲ್ಲಿ ಓದಿ ಹೆದರುತ್ತಿದ್ದೆ, ಸಂಜೆ ಮನೆಗೆ ಬಂದು ಅದೇ ಗೋಡೆ ಹಿಡಿದವಳಿಗೆ ಮಜ್ಜಿಗೆ ಕೊಡುತ್ತಿದ್ದೆ.

ಆ ಹೊತ್ತಿಗೆ ನನ್ನ ಚೀಲದೊಳಗೆ ಏನೋ ಬಾರಿಸಿತು. ನನ್ನ ಮೊಬೈಲು ಕೈಯಲ್ಲೇ ಇತ್ತು. ಗೋಡೆಯ ಗಡಿಯಾರದಲ್ಲಿ ಹನ್ನೊಂದು. ನಿನ್ನೆ ಎದ್ದೆನೋ ಬಿದ್ದೆನೋ ಎಂದು ಓಡಿಬಂದವಳು ಪರೀಕ್ಷೆಯನ್ನು ನಿಲ್ಲಿಸಿರಲಿಲ್ಲ, ದಾರಿಯನ್ನೂ ಮುಚ್ಚಿಸಿರಲಿಲ್ಲ. ಆಂಟಿ ಕೊಟ್ಟಾಗ ಚೀಲಕ್ಕೆ ಹಾಕಿಕೊಂಡಿದ್ದ ಅಪ್ಪನ ಫೋನ್ ತೆಗೆದು ಎತ್ತಿಕೊಂಡೆ. ಗುಳಿಗಿ ತೊಗೊಳ್ಳೂ ಹೊತ್ತಾತ್ರಿ ಎಂದಿತು ನನ್ನ ದನಿ. ಬಾಗಿಲು ಹಾಕಿದ ಕೋಣೆಯಲ್ಲಿ ನಗುನಗುತ್ತ ಹೇಳಿದ ಮಾತು, ಈಗ ನನ್ನ ಕಿವಿಗೆ ಬೇರೆ ಯಾರೋ ಹೆಂಗಸು ಹೇಳಿದಂತೆ ಕೇಳಿತು. ಅವಳಿಗೆ ಅವಸರವಿರಲಿಲ್ಲ, ಕೋಪವಿರಲಿಲ್ಲ, ಕಾಯುತ್ತಿದ್ದಳು. ಕಣ್ಣೆತ್ತಿ ನೋಡಿದರೆ ಅವ್ವ ಸಲೈನ್ ಇದ್ದ ಕೈಯನ್ನೇ ನೀರಿನ ಬಾಟಲಿಯ ಕಡೆಗೆ ಚಾಚಿದ್ದಳು.

ಆ ಕೈ ಹಿಡಿದುಕೊಂಡು ಕೂತೆ. ಒಂದನ್ನು ಒತ್ತಲಿಲ್ಲ. ಮೂರು ನಿಮಿಷ ಕಾದು ಆ ದನಿ ತಾನಾಗಿ ನಿಂತಿತು. ಆಮೇಲೆ ನನ್ನ ಮೊಬೈಲು ಒಮ್ಮೆ ನಡುಗಿತು. ಇಷ್ಟು ದಿನ ಒಮ್ಮೆಯೂ ಬರದಿದ್ದ ಸಂದೇಶ, ಯಾರೂ ಒತ್ತದಿದ್ದಾಗ ಮಕ್ಕಳಿಗೆ ಹೋಗುವ ಸಂದೇಶ.

ನಿಮ್ಮ ತಂದೆಯವರು ಇಂದು ಮಾತ್ರೆ ತೆಗೆದುಕೊಂಡಿಲ್ಲ.

ಏನದು ಎಂದು ಅವ್ವ ಕೇಳಿದಳು. ಸುಳ್ಳು ಹೇಳಬಹುದಿತ್ತು. ಓದಿ ಹೇಳಿದೆ. ಅವಳ ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು.

"ನಿಮ್ಮಪ್ಪ ಯಾವತ್ತ ಹೊತ್ತಿಗೆ ಸರಿ ತೊಗೊಂಡಾರ, ಹೇಳು," ಎಂದಳು.

ಎರಡು ವರ್ಷದಲ್ಲಿ ನಮ್ಮಿಬ್ಬರ ನಡುವೆ ಬಂದ ಅಪ್ಪನ ಮೊದಲ ಮಾತು ಅದು. ಒಮ್ಮೆ ಬಂದ ಮೇಲೆ ನಿಲ್ಲಲಿಲ್ಲ. ಮಾತ್ರೆಯನ್ನು ತುಳಸಿ ಕುಂಡಕ್ಕೆ ಹಾಕಿ ನುಂಗಿದೆ ಎನ್ನುತ್ತಿದ್ದದ್ದು, ಆ ತುಳಸಿ ಒಣಗಿ ಸಿಕ್ಕಿಬಿದ್ದದ್ದು, ಎಲ್ಲ ಹೇಳಿಕೊಂಡೆವು. ಅವ್ವ ನಕ್ಕಳು, ನಾನು ಅತ್ತುಬಿಟ್ಟೆ. ನರ್ಸು ಬಂದು ಪೇಷೆಂಟನ್ನು ಮಾತಾಡಿಸಬೇಡಿ ಎಂದು ಗದರಿಸಿದಳು.

ಅವ್ವನಿಗೆ ನಿದ್ದೆ ಹತ್ತಿದ ಮೇಲೆ ವರಾಂಡಕ್ಕೆ ಬಂದು ಮುಖ್ಯಸ್ಥರಿಗೆ ಫೋನ್ ಮಾಡಿ, ತಪ್ಪು ನನ್ನದು ಎಂದು ಹೇಳಿ, ಆ ದಾರಿ ಮುಚ್ಚಿಸಿದೆ. ಮನೆಯವರನ್ನೆಲ್ಲ ಪಟ್ಟಿಯಿಂದ ತೆಗೆಸಿದೆವು. ಈಗ ನಮ್ಮ ರೋಗಿಗಳಿಗೆ ತರಕಾರಿಗಳ ಹೆಸರು, ಬದನೆಕಾಯಿಗೆ ಬಿ.ಪಿ., ಹೀರೇಕಾಯಿಗೆ ಸಕ್ಕರೆ ಕಾಯಿಲೆ. ಕನ್ನಡದ ಕರೆಗೆ ಬೇರೆ ಯಾರದಾದರೂ ದನಿ ಹಾಕಿಕೊಳ್ಳಿ ಎಂದೆ, ಹಾಕಿಕೊಂಡರು. ಅಪ್ಪನ ಫೋನು ಈಗ ಸೀರೆಗಳ ಕೆಳಗಿಲ್ಲ, ಹಾಲಿನಲ್ಲಿ ಟಿ.ವಿ. ಪಕ್ಕದಲ್ಲಿ ಚಾರ್ಜಿಗೆ ಇರುತ್ತದೆ. ಹನ್ನೊಂದಕ್ಕೆ ಆಫೀಸಿನ ಮೆಟ್ಟಿಲಿಗೆ ಬಂದು ಆ ನಂಬರಿಗೆ ನಾನೇ ಹಚ್ಚುತ್ತೇನೆ. ಅವ್ವ ಎತ್ತಿದ ಕೂಡಲೇ, ನಾನು ಬಾಯಿ ತೆರೆಯುವ ಮುಂಚೆಯೇ, ಕಿವಿಯಲ್ಲಿ ಸಣ್ಣಗೆ ಕೀಂ ಎನ್ನುತ್ತದೆ. ಅವಳು ಒಂದನ್ನು ಒತ್ತಿರುತ್ತಾಳೆ. ಅದನ್ನು ಬಿಡು ಎಂದು ನಾನು ಹೇಳಿಲ್ಲ.